ಕಡಲಲ್ಲಿ ಮೈನ್ ಬಿತ್ತುವವರು, ತೆಗೆಯುವವರು

ನೌಕಾಪಡೆಯ ಬಲವನ್ನು ಅಳೆಯುವಾಗ ನಮ್ಮ ದೃಷ್ಟಿ ವಿಮಾನವಾಹಕ ನೌಕೆ, ಜಲಾಂತರ್ಗಾಮಿಗಳ ಮೇಲೆಯೇ ನೆಡುತ್ತದೆ. ಸದ್ದಿಲ್ಲದೆ ಬಂದು, ಮೈನ್ ಎಂಬ ಸ್ಫೋಟಕಗಳನ್ನು ನೀರಿನಡಿ ಇಳಿಬಿಟ್ಟು ಹೋಗುವ ಹಡಗುಗಳ ಬಗ್ಗೆ ಚರ್ಚೆ ಅಪರೂಪ. ಅವುಗಳ ಪೆಟ್ಟನ್ನು ನಮ್ಮ ಪಶ್ಚಿಮ ಕರಾವಳಿ ಒಮ್ಮೆ ಅನುಭವಿಸಿದೆ.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯು ‘ವಾಚ್‌ಫೆಲ್ಸ್’ ಎಂಬ ಸರಕು ಹಡಗನ್ನು ‘ವುಲ್ಫ್’ ಎಂಬ ಹೆಸರಿನ ಯುದ್ಧನೌಕೆಯಾಗಿ ಮಾರ್ಪಡಿಸಿತು. 1916ರ ನವೆಂಬರ್‌ನಲ್ಲಿ ನಾನೂರಕ್ಕೂ ಹೆಚ್ಚು ಮೈನ್‌ಗಳನ್ನು ಹೊತ್ತು ಕೀಲ್ ಬಂದರಿನಿಂದ ಹೊರಟ ಅದು, ವ್ಯಾಪಾರಿ ಹಡಗಿನ ಸೋಗಿನಲ್ಲಿ ಬಂದು, 1917ರ ಫೆಬ್ರುವರಿಯಲ್ಲಿ ಕೊಲಂಬೊ ಮತ್ತು ಮುಂಬಯಿಯ ಹೊರಗಡಲಿನಲ್ಲಿ ಅವನ್ನು ಬಿತ್ತಿತು. ಅದೇ ವರ್ಷ ಜೂನ್ 23ರಂದು ‘ಮಂಗೋಲಿಯಾ’ ಎಂಬ ಪ್ರಯಾಣಿಕರ ಹಡಗು ಮುಂಬಯಿಯಾಚೆ ಮೈನ್‌ಗೆ ತಗುಲಿ ಮುಳುಗಿತು. ಮೈನ್ ಬಿತ್ತಿದ ಹಡಗು ಅಷ್ಟರಲ್ಲಿ ಪೆಸಿಫಿಕ್ ಸಾಗರ ಸೇರಿತ್ತು!

ಕೇವಲ ವ್ಯಾಪಾರಿ ಹಡಗುಗಳನ್ನು ತಡೆಯಲೆಂದು ಶತ್ರುವಿನ ಕರಾವಳಿಯಲ್ಲಿ ಮೈನ್ ಹುದುಗಿಸಬಾರದೆಂದು 1907ರ ಹೇಗ್ ಒಪ್ಪಂದ ವಿಧಿಸಿತ್ತು. ಜರ್ಮನಿ ಆ ಕಲಮಿಗೇ ಸಮ್ಮತಿ ನೀಡಿರಲಿಲ್ಲ. ಹೀಗಾಗಿ ಒಪ್ಪಂದಗಳನ್ನಷ್ಟೇ ನಂಬಿ ಕೂರುವಂತಿಲ್ಲ. ಬಿತ್ತಿದ್ದನ್ನು ತೆಗೆಯುವ ಸಾಮರ್ಥ್ಯ ಬೇಕು.

ನಮ್ಮ ಕೊರತೆ ಇರುವುದು ಇಲ್ಲಿಯೇ. 1986ರಲ್ಲಿ ಸೇವೆಗೆ ಸೇರಿದ, ನಮ್ಮ ಕಡಲೂರಿನ ಹೆಸರು ಹೊತ್ತ ಮೈನ್ ನಿವಾರಕ ನೌಕೆ ‘ಐಎನ್‌ಎಸ್ ಕಾರವಾರ’ 2017ರಲ್ಲಿ ನಿವೃತ್ತವಾಯಿತು. ಅದೇ ವರ್ಗದ ಕೊನೆಯ ನೌಕೆ ‘ಐಎನ್‌ಎಸ್ ಕೋಯಿಕ್ಕೋಡ್’ 2019ರಲ್ಲಿ ವಿದಾಯ ಹೇಳಿತು. ಗೋವಾ ಶಿಪ್‌ಯಾರ್ಡ್‌ನಲ್ಲಿ ಹೊಸ ನೌಕೆಗಳನ್ನು ಕಟ್ಟುವ ಮಾತುಕತೆ ಅದಕ್ಕೂ ಮೊದಲೇ ಮುರಿದುಬಿದ್ದಿತ್ತು. 2025ರ ಜುಲೈನಲ್ಲಿ ರಕ್ಷಣಾ ಖರೀದಿ ಮಂಡಳಿಯು ಇಂಥ ನೌಕೆಗಳಿಗೆ ಪ್ರಾಥಮಿಕ ಒಪ್ಪಿಗೆ ನೀಡಿತು. ಸ್ವಾಗತಾರ್ಹವೇ, ಆದರೆ ಒಪ್ಪಿಗೆಗೂ ಕಡಲಿಗಿಳಿದ ಹಡಗಿಗೂ ನಡುವೆ ವರ್ಷಗಳ ಅಂತರವಿದೆ.

ಮಾನವರಹಿತ ಯಂತ್ರಗಳು ಈ ಕೆಲಸ ಮಾಡಬಲ್ಲವು ಎಂಬ ವಾದವಿದೆ. ಅವು ನೆರವಾಗುತ್ತವೆ, ನಿಜ. ಆದರೆ ಅವನ್ನು ಕಡಲಿಗೆ ಒಯ್ದು ನಡೆಸಲು ನೆಲೆಯೂ ಪಳಗಿದ ಸಿಬ್ಬಂದಿಯೂ ಬೇಕಲ್ಲವೇ? ಹಡಗುಗಳಿಲ್ಲದ ವರ್ಷಗಳಲ್ಲಿ ಆ ಪಳಗಿದ ಕೈಗಳೂ ಕ್ಷೀಣಿಸುತ್ತವೆ.

ಇದು ಕರಾವಳಿಯವರ ಚಿಂತೆ ಮಾತ್ರವಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಗೆ ಕಡಲಿನ ಗಾಳಿಯೂ ಸೋಕದು. ಆದರೆ ದೇಶದ ಅಡುಗೆ ಅನಿಲದ ದೊಡ್ಡ ಪಾಲು ಹಡಗಿನಲ್ಲಿಯೇ ಬರುತ್ತದೆ. ನವಮಂಗಳೂರು ಅದು ಇಳಿಯುವ ಬಂದರುಗಳಲ್ಲಿ ಒಂದು. ಬಂದರಿನ ಬಾಯಲ್ಲಿ ಮೈನ್ ಇದೆಯೆಂಬ ಗುಮಾನಿಯೊಂದೇ ಹಡಗುಗಳನ್ನು ನಿಲ್ಲಿಸಲು ಸಾಕು. ಆಗ ಬಯಲುಸೀಮೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಯುದ್ಧನೌಕೆಗಳ ಲೆಕ್ಕ ಹಾಕುವಾಗ ನಾವು ಮೊದಲು ಕೇಳಬೇಕಾದದ್ದು, ಅವು ಬಂದರಿನಿಂದ ಸುರಕ್ಷಿತವಾಗಿ ಹೊರಬರಲು ದಾರಿ ಬಿಡಿಸುವವರು ಎಷ್ಟು ಜನರಿದ್ದಾರೆ ಎಂಬುದನ್ನು.