ಪಾರ್ಶ್ವಬಲವೂ ಅಂತಸ್ತಿನ ಹಾಸೂ

ಕಟ್ಟಡದ ಮೇಲೆ ಬೀಳುವ ಬಲಗಳು ಎರಡು ವಿಧವಾಗಿವೆ. ಕಟ್ಟಡದ ಸ್ವಂತ ಭಾರವೂ ಅದರಲ್ಲಿರುವ ಜನರ ಮತ್ತು ಸಾಮಾನುಗಳ ಭಾರವೂ ಮೇಲಿನಿಂದ ಕೆಳಕ್ಕೆ ಒತ್ತುವುವು. ಗಾಳಿಯೂ ಭೂಕಂಪವೂ ಅಡ್ಡವಾಗಿ ತಳ್ಳುವುವು. ಈ ಎರಡನೆಯದಕ್ಕೆ ಪಾರ್ಶ್ವಬಲವೆಂದು ಹೆಸರಿಡೋಣ. ಮೇಲಿನ ಭಾರವು ಹಾಸಿನಿಂದ ತೊಲೆಗೂ, ತೊಲೆಯಿಂದ ಕಂಬಕ್ಕೂ, ಕಂಬದಿಂದ ತಳಪಾಯಕ್ಕೂ ಇಳಿಯುವುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಪಾರ್ಶ್ವಬಲದ ದಾರಿ ಅಷ್ಟು ಸ್ಫುಟವಲ್ಲ. ನೆಲವು ಅಲುಗಿದಾಗ ಪ್ರತಿಯೊಂದು ಅಂತಸ್ತಿನ ಭಾರವೂ ಚಲನೆಯನ್ನು ಪ್ರತಿರೋಧಿಸುವುದರಿಂದ ಬಲವು ಹುಟ್ಟುವುದು. ಆ ಬಲವನ್ನು ಒಟ್ಟುಗೂಡಿಸಿ ಕಂಬಗಳಿಗೂ ಗೋಡೆಗಳಿಗೂ ಹಂಚಿಕೊಡುವುದು ಅಂತಸ್ತಿನ ಹಾಸು. ಈ ಕಾರ್ಯವನ್ನು ಮಾಡುವಾಗ ಹಾಸಿಗೆ ಶಿಲ್ಪಿಗಳು ‘ಡಯಾಫ್ರಮ್’ ಎಂಬ ಗ್ರೀಕ್ ಮೂಲದ ಸಂಜ್ಞೆಯನ್ನು ಕೊಟ್ಟಿರುತ್ತಾರೆ. ಶರೀರಶಾಸ್ತ್ರದಲ್ಲಿ ಇದೇ ಶಬ್ದಕ್ಕೆ ‘ವಪೆ’ಯೆಂಬ ಪರ್ಯಾಯವುಂಟು, ಅಲ್ಲಿ ಅರ್ಥವು ಬೇರ್ಪಡಿಸುವ ತೆರೆ, ಇಲ್ಲಿಯಾದರೋ ಹಂಚುವ ಹಲಗೆ. ಆದಕಾರಣ ಈ ಲೇಖನದಲ್ಲಿ ‘ಹಾಸು’ ಎಂಬ ಮಾತನ್ನೇ ಬಳಸಿದೆ.

ಈಗ ಕಟ್ಟಡಗಳ ಲೆಕ್ಕವು ಬಹುಮಟ್ಟಿಗೆ ಗಣಕಯಂತ್ರದಿಂದ ನಡೆಯುತ್ತದೆ. ಈಟ್ಯಾಬ್ಸ್, ಸ್ಟಾಡ್ ಮೊದಲಾದ ತಂತ್ರಾಂಶಗಳು ಇದಕ್ಕಾಗಿ ಇವೆ. ಇವುಗಳಲ್ಲಿ ಹಾಸನ್ನು ‘ದೃಢ’ವೆಂದು ನಿರ್ದೇಶಿಸಿದರೆ ಅದರ ಬಿಂದುಗಳೆಲ್ಲವೂ ಒಂದಕ್ಕೊಂದು ಬಿಗಿಯಲ್ಪಡುವುವು. ಆಗ ಇಡೀ ಹಾಸಿಗೆ ತನ್ನ ತಲದಲ್ಲಿ ಮೂರೇ ಚಲನೆಗಳು ಉಳಿಯುವುವು: ಉದ್ದಕ್ಕೆ ಸರಿಯುವುದು, ಅಡ್ಡಕ್ಕೆ ಸರಿಯುವುದು, ಲಂಬಾಕ್ಷದ ಸುತ್ತ ತಿರುಗುವುದು. ಹೀಗಿರಲು ಅಂತಸ್ತಿನ ಪಾರ್ಶ್ವಬಲವನ್ನೆಲ್ಲ ಹಾಸಿನ ಒಂದೇ ಬಿಂದುವಿನಲ್ಲಿ ಇಟ್ಟರೆ ಸಾಕು. ಕಂಬಗಳು ತಮ್ಮ ತಮ್ಮ ದಾರ್ಢ್ಯಕ್ಕೆ ಅನುಗುಣವಾಗಿ ಅದನ್ನು ಹಂಚಿಕೊಳ್ಳುವುವು.

ಉದಾಹರಣೆಯೊಂದನ್ನು ನೋಡೋಣ. ಪೂರ್ವ ಪಶ್ಚಿಮವಾಗಿ 30 ಮೀಟರ್, ಉತ್ತರ ದಕ್ಷಿಣವಾಗಿ 12 ಮೀಟರ್ ಇರುವ ಒಂದು ಪಾಠಶಾಲೆಗೆ 3 ಮೀಟರ್ ಎತ್ತರದ ನಾಲ್ಕು ಅಂತಸ್ತುಗಳಿವೆಯೆಂದೂ, ನಾಲ್ಕು ಹಾಸುಗಳ ಭಾರವೂ ಸಮವೆಂದೂ, ಉತ್ತರ ದಕ್ಷಿಣವಾಗಿ ಬರುವ ಒಟ್ಟು ಭೂಕಂಪಬಲವು 300 ಕಿಲೋನ್ಯೂಟನ್ನೆಂದೂ ಇಟ್ಟುಕೊಳ್ಳೋಣ. ಭಾರತೀಯ ಮಾನಕ 1893ರ 2016ರ ಆವೃತ್ತಿಯ ಕ್ರಮದಲ್ಲಿ ಈ ಬಲವನ್ನು ಭಾರ ಮತ್ತು ಎತ್ತರದ ವರ್ಗ ಇವುಗಳ ಗುಣಲಬ್ಧಕ್ಕನುಸಾರವಾಗಿ ಹಂಚಬೇಕು. ಎತ್ತರಗಳ ವರ್ಗಗಳು 1, 4, 9, 16ರ ಪ್ರಮಾಣದಲ್ಲಿರುವುದರಿಂದ ಹಾಸುಗಳಿಗೆ ಕ್ರಮವಾಗಿ 10, 40, 90, 160 ಕಿಲೋನ್ಯೂಟನ್ ಸಲ್ಲುವುವು. ಭಾರದ ಕೇಂದ್ರವೂ ದಾರ್ಢ್ಯದ ಕೇಂದ್ರವೂ ಕಾಗದದ ಮೇಲೆ ಒಂದೇ ಆದರೂ, ವಾಸ್ತವದಲ್ಲಿ ವ್ಯತ್ಯಾಸವಿರಬಹುದೆಂದು ಉದ್ದದ ನೂರಕ್ಕೆ 5ರಷ್ಟು, ಅಂದರೆ 1.5 ಮೀಟರ್, ಬಲವನ್ನು ಪಕ್ಕಕ್ಕೆ ಸರಿಸಬೇಕು. ಹಾಗಾಗಿ ಮೇಲಿನ ಹಾಸಿಗೆ 240 ಕಿಲೋನ್ಯೂಟನ್ ಮೀಟರಿನ ತಿರುಚುವಿಕೆಯೂ ಸೇರುವುದು. ತಂತ್ರಾಂಶವು ಮಾನಕಾನುಸಾರವಾಗಿ ಈ ಬಲಗಳನ್ನು ತಾನೇ ಗಣಿಸಬಲ್ಲದು. ಇಲ್ಲವೇ ಲೆಕ್ಕಿಗನು ಅಂತಸ್ತು ಅಂತಸ್ತಾಗಿ ಬರೆದು ಕೊಡಬಹುದು. ಎರಡನ್ನೂ ಏಕಕಾಲದಲ್ಲಿ ಮಾಡಿದರೆ ಬಲವು ಇಮ್ಮಡಿಯಾಗುವುದು.

ಇಲ್ಲಿ ವಿಚಾರಣೀಯವಾದ ಅಂಶವೊಂದುಂಟು. ಹಾಸು ದೃಢವೆಂದು ಯಂತ್ರವು ಪರೀಕ್ಷಿಸಿ ತಿಳಿದದ್ದಲ್ಲ. ನಾವು ಹೇಳಿದ್ದರಿಂದ ಅದು ಹಾಗೆಂದು ನಡೆದುಕೊಳ್ಳುತ್ತದೆ. ವ್ಯಾಕರಣದ ಭಾಷೆಯಲ್ಲಿ ಇದು ಅತಿದೇಶ. ಆದೇಶವು ಸ್ಥಾನಿಯಂತೆಯೇ ವರ್ತಿಸುವುದೆಂದು ಹೇಳಿದ ಪಾಣಿನಿಯು, ವರ್ಣವನ್ನಾಶ್ರಯಿಸಿದ ವಿಧಿಗಳಲ್ಲಿ ಹಾಗಲ್ಲವೆಂದು ಒಡನೆಯೇ ನಿಷೇಧಿಸಿದ್ದಾನೆ. ‘ಅದರಂತೆ’ ಎಂಬುದು ‘ಅದೇ’ ಆಗದು, ಅತಿದೇಶಕ್ಕೆ ಮೇರೆಯಿರಬೇಕು. ಹಾಸಿನ ವಿಷಯದಲ್ಲಿಯೂ ಮೇರೆ ಹೀಗೆಯೇ ಇದೆ. ಬಲವು ಯಾವ ಕಂಬಕ್ಕೆ ಎಷ್ಟು ಸಲ್ಲುವುದೆಂಬ ಪ್ರಶ್ನೆಗೆ ದೃಢವದ್ಭಾವವು ಸಾಧು. ಹಾಸಿನೊಳಗೆ ಎಷ್ಟು ಬಲವು ಹರಿಯುವುದು, ಅದನ್ನು ಗೋಡೆಗೆ ಎಳೆದೊಯ್ಯುವ ತೊಲೆಯು ಎಷ್ಟು ಸೆಳೆತವನ್ನು ತಾಳಬೇಕು ಎಂಬ ಪ್ರಶ್ನೆಗೆ ಅದು ಸಾಧುವಲ್ಲ. ಬಿಗಿದ ಬಿಂದುಗಳ ನಡುವಣ ಅಂತರವು ಬದಲಾಗದಿರುವುದರಿಂದ, ಅಲ್ಲಿಯ ತೊಲೆಯಲ್ಲಿ ಉದ್ದದ ಸೆಳೆತವನ್ನು ಯಂತ್ರವು ಸೊನ್ನೆಯೆಂದೇ ತೋರಿಸುವುದು. ಸೊನ್ನೆಯನ್ನು ಕಂಡು ಬಲವಿಲ್ಲವೆಂದು ತಿಳಿದರೆ ಅನರ್ಥವಾದೀತು. ಇಂಥ ಕಡೆ ಹಾಸನ್ನು ‘ಅರೆದೃಢ’ವೆಂದು ನಿರ್ದೇಶಿಸಿ, ಅದರ ನಿಜವಾದ ದಪ್ಪವನ್ನೂ ಗುಣವನ್ನೂ ಕೊಡಬೇಕು. ಆಗ ಬಲವು ಒಂದೇ ಬಿಂದುವಿನಲ್ಲಿ ನಿಲ್ಲದೆ ಭಾರವಿರುವ ಬಿಂದುಗಳಿಗೆಲ್ಲ ಹಂಚಿಹೋಗುವುದು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂರು ಬಗೆಯ ಮಾಡುಗಳನ್ನು ಕಾಣಬಹುದು. ಮೂರಕ್ಕೂ ಒಂದೇ ಸಂಜ್ಞೆಯು ಒಪ್ಪುವುದಿಲ್ಲ. ಹಳೆಯ ಮನೆಗಳಲ್ಲಿ ಕಲ್ಲುಚಪ್ಪಡಿಗಳನ್ನು ಗೋಡೆಯಿಂದ ಗೋಡೆಗೆ ಒತ್ತಾಗಿ ಹಾಸಿ, ಸಂದುಗಳಿಗೆ ಗಾರೆಯನ್ನು ತುಂಬಿದೆ. ಚಪ್ಪಡಿ ಚಪ್ಪಡಿಗೆ ಕಟ್ಟಿಲ್ಲ. ಆದುದರಿಂದ ಇದು ಹಾಸಾಗಿದ್ದರೂ ಹಂಚುವ ಹಲಗೆಯಲ್ಲ. ಇಲ್ಲಿ ಒಂದೊಂದು ಗೋಡೆಯೂ ತನ್ನ ಪಾಲಿನ ಬಲವನ್ನು ತಾನೇ ಹೊರಬೇಕು. ಎರಡನೆಯದು ಒಟ್ಟಿಗೆ ಎರಕಹೊಯ್ದ ಕಾಂಕ್ರೀಟಿನ ಹಾಸು. ಉದ್ದವು ಅಗಲದ ಮೂರರಷ್ಟಕ್ಕಿಂತ ಕಡಿಮೆಯಿದ್ದರೆ ಇಂಥದನ್ನು ದೃಢವೆಂದು ಎಣಿಸಲು 2016ರ ಮಾನಕವು ಒಪ್ಪುತ್ತದೆ. ಮೇಲೆ ಹೇಳಿದ ಪಾಠಶಾಲೆಗೆ ಈ ಪ್ರಮಾಣವು 2.5 ಆದುದರಿಂದ ಬಾಧೆಯಿಲ್ಲ. ಆದರೆ ನಡುವೆ ತೊಟ್ಟಿಯಂತೆ ದೊಡ್ಡ ಬಯಲನ್ನು ಬಿಟ್ಟಿದ್ದರೆ ಪುನಃ ಪರೀಕ್ಷಿಸಬೇಕು. ಮೂರನೆಯದು ನೆಲಮಂಗಲ ಹೊಸಕೋಟೆಗಳ ಹೆದ್ದಾರಿಗಳ ಬದಿಯಲ್ಲಿ ಎದ್ದಿರುವ ಉಗ್ರಾಣಗಳ ತಗಡಿನ ಮಾಡು. ಇದರ ಭಾರವು ಅತ್ಯಲ್ಪವಾದುದರಿಂದ ಸಾಮಾನ್ಯವಾಗಿ ಭೂಕಂಪಕ್ಕಿಂತ ಗಾಳಿಯೇ ಪ್ರಬಲ; ಬೆಂಗಳೂರಿಗೆ ಮಾನಕವು ಹೇಳಿದ ಮೂಲ ವಾಯುವೇಗವು ಸೆಕೆಂಡಿಗೆ 33 ಮೀಟರ್. ತಗಡನ್ನು ದೃಢವೆಂದು ನಿರ್ದೇಶಿಸಿದರೆ, ಇಲ್ಲದ ಹಲಗೆಯೊಂದು ದೂರದ ಚೌಕಟ್ಟುಗಳಿಗೆ ಬಲವನ್ನು ಒಯ್ದಂತೆ ಲೆಕ್ಕವು ತೋರುವುದು. ಇಲ್ಲಿ ಪ್ರತಿಯೊಂದು ಚೌಕಟ್ಟಿಗೂ ಅದರ ಪಾಲಿನ ಗಾಳಿಯನ್ನೇ ಕೊಟ್ಟು, ಓರೆ ಸರಳುಗಳನ್ನು ಬಿಡಿಬಿಡಿಯಾಗಿ ಲೆಕ್ಕಕ್ಕೆ ತರಬೇಕು.

ನಮ್ಮ ಸೀಮೆಯು ಭೂಕಂಪಕ್ಕೆ ದೂರ, ಇಷ್ಟು ವಿಚಾರವೇಕೆ ಎಂದು ಕೆಲವರು ಆಕ್ಷೇಪಿಸಬಹುದು. 2016ರ ಮಾನಕದಲ್ಲಿ ಬೆಂಗಳೂರು ಎರಡನೆಯ ವಲಯಕ್ಕೆ ಸೇರಿ, ವಲಯಾಂಕವು 0.10 ಮಾತ್ರವಾಗಿರುವುದು ನಿಜ. ಆದರೆ 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿಗೊಂಡ ಲಾತೂರು ಸೀಮೆಯ ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿಯೇ ಇತ್ತು. ಅಲ್ಲಿ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಒಂದಕ್ಕೊಂದು ಕಟ್ಟಿಲ್ಲದೆ ಕುಸಿದುವು. ದೇವನಹಳ್ಳಿಗೆ ನೆರೆಯ ಚಿಕ್ಕಬಳ್ಳಾಪುರದ ಕಡೆಯಲ್ಲಿಯೂ 2021ರ ಡಿಸೆಂಬರಿನಲ್ಲಿ ಲಘು ಕಂಪನಗಳಾದುವು. ಆದಕಾರಣ ಚಪ್ಪಡಿಯ ಮಾಡಿನ ಹಳೆಯ ಕಟ್ಟಡದಲ್ಲಿ ಮಕ್ಕಳನ್ನು ಕೂರಿಸುವ ಮುನ್ನ, ಸೂರಿನ ಮಟ್ಟದಲ್ಲಿ ಗೋಡೆಗಳನ್ನೆಲ್ಲ ಬಂಧಿಸುವ ಪಟ್ಟಿಯಿದೆಯೇ ಎಂದು ನೋಡಬೇಕು. ಹೊಸ ಕಟ್ಟಡವಾದರೆ, ಯಾವ ಹಾಸನ್ನು ಯಾವ ಆಧಾರದಿಂದ ದೃಢವೆಂದು ಎಣಿಸಿದೆ, ಅರೆದೃಢವೆಂದೂ ಒಮ್ಮೆ ಲೆಕ್ಕಹಾಕಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಲೆಕ್ಕಿಗನಿಗೆ ಹಾಕಬೇಕು. ಸಂಜ್ಞೆಗೂ ವಸ್ತುವಿಗೂ ಇರುವ ಭೇದವನ್ನು ನಿತ್ಯವೂ ಪಾಠ ಹೇಳುವ ಉಪಾಧ್ಯಾಯರಿಗೆ ಈ ಪ್ರಶ್ನೆಗಳನ್ನು ಕೇಳುವುದು ಕಷ್ಟವಾಗಲಾರದು.