ಫ್ರಾನ್ಸಿನ ಉದ್ಯಾನಗಳಲ್ಲಿ ಬಾಕ್ಸ್‌ವುಡ್ ಪಾರ್ಟೇರ್: ರಚನೆ ಮತ್ತು ಸಂರಕ್ಷಣೆ

ಪೀಠಿಕೆ:
ಅರಮನೆಯ ಮುಂದಿನ ಸಮತಟ್ಟಾದ ನೆಲದಲ್ಲಿ, ಕತ್ತರಿಸಿದ ಗಿಡ್ಡ ಗಿಡಗಳ ಸಾಲುಗಳಿಂದ ನಿರ್ದಿಷ್ಟ ವಿನ್ಯಾಸದಲ್ಲಿ ರೂಪಿಸಲಾಗುವ ಅಲಂಕಾರಿಕ ಪಾತಿಗಳ ಸಮೂಹವನ್ನು ಪಾರ್ಟೇರ್ ಎಂದು ಕರೆಯಲಾಗುತ್ತದೆ. ಮೇಲಂತಸ್ತಿನ ಕಿಟಕಿಗಳಿಂದ ನೋಡಿದಾಗ ಮಾತ್ರ ಇದರ ವಿನ್ಯಾಸವು ಪೂರ್ಣವಾಗಿ ಗೋಚರಿಸುತ್ತದೆ.

ಹಿನ್ನೆಲೆ:
16ನೇ ಶತಮಾನದಲ್ಲಿ ಪಾತಿಗಳ ಅಂಚಿಗೆ ಥೈಮ್, ಲ್ಯಾವೆಂಡರ್ ಮುಂತಾದ ಸುಗಂಧ ಸಸ್ಯಗಳನ್ನು ನೆಡಲಾಗುತ್ತಿತ್ತು. ಇವು ಚಳಿ ಮತ್ತು ಬಿಸಿಲನ್ನು ತಾಳದೆ ಹಾಳಾಗುತ್ತಿದ್ದುದರಿಂದ ಮರುನಾಟಿಯ ವೆಚ್ಚ ಹೆಚ್ಚಾಗುತ್ತಿತ್ತು. ಆ ಶತಮಾನದ ಅಂತ್ಯಭಾಗದಲ್ಲಿ ರಾಜೋದ್ಯಾನಗಳ ತೋಟಗಾರರಾದ ಕ್ಲೋಡ್ ಮೊಲೆ ಅವರು ಬಾಕ್ಸ್‌ವುಡ್ ಗಿಡವನ್ನು ವ್ಯಾಪಕವಾಗಿ ಬಳಕೆಗೆ ತಂದರು. ಇದರ ಎಲೆಯ ವಾಸನೆ ಹಲವರಿಗೆ ಹಿಡಿಸದಿದ್ದರೂ, ಸದಾ ಹಸಿರು, ಒತ್ತೊತ್ತಾದ ಸಣ್ಣ ಎಲೆ, ನಿಧಾನ ಬೆಳವಣಿಗೆ ಹಾಗೂ ಕತ್ತರಿಸುವಿಕೆಯನ್ನು ಸಹಿಸುವ ಗುಣಗಳಿಂದಾಗಿ ಈ ಗಿಡವು ನೆಲೆಗೊಂಡಿತು.

ರಚನೆ:
ಪಾರ್ಟೇರ್‌ಗಳಲ್ಲಿ ಬ್ರೋದ್ರಿ, ಅಂದರೆ ಕಸೂತಿ ಮಾದರಿಯು ಪ್ರಮುಖವಾದುದು. ಬಳ್ಳಿ ಮತ್ತು ಎಲೆಗಳ ಆಕೃತಿಗಳನ್ನು ಬಾಕ್ಸ್‌ವುಡ್ ಸಾಲುಗಳಲ್ಲಿ ಮೂಡಿಸಿ, ನಡುವಿನ ಜಾಗಕ್ಕೆ ಮರಳು, ಇಟ್ಟಿಗೆಪುಡಿ ಹಾಗೂ ಕಲ್ಲಿದ್ದಲಪುಡಿ ತುಂಬಿ ಬಣ್ಣವನ್ನು ನೀಡಲಾಗುತ್ತದೆ. ಆಂದ್ರೆ ಲ ನೋತ್ರ್ (1613-1700) ಅವರು ವೋ-ಲ-ವಿಕೋಂತ್ ಮತ್ತು ವರ್ಸೈಲ್ಸ್ ಉದ್ಯಾನಗಳಲ್ಲಿ ಈ ಕಲೆಯನ್ನು ಉನ್ನತ ಮಟ್ಟಕ್ಕೆ ಕೊಂಡೊಯ್ದರು.

ಎದುರಾಗಿರುವ ಸಮಸ್ಯೆ:
ಪೂರ್ವ ಏಷ್ಯಾ ಮೂಲದ ಬಾಕ್ಸ್‌ವುಡ್ ಪತಂಗವು 2007ರಲ್ಲಿ ಜರ್ಮನಿಯಲ್ಲಿ, 2008ರಲ್ಲಿ ಫ್ರಾನ್ಸಿನಲ್ಲಿ ಕಂಡುಬಂದಿತು. ನರ್ಸರಿ ಸಸಿಗಳ ವ್ಯಾಪಾರದ ಮೂಲಕ ಹರಡಿದ ಇದರ ಮರಿಹುಳುಗಳು ಎಲೆಗಳನ್ನು ಸಂಪೂರ್ಣವಾಗಿ ತಿಂದು ಗಿಡವನ್ನು ಒಣಗಿಸುತ್ತವೆ. ಇದರೊಂದಿಗೆ ಶಿಲೀಂಧ್ರದಿಂದ ಬರುವ ಅಂಗಮಾರಿ ರೋಗವೂ ಬಾಧಿಸುತ್ತಿದೆ. ವೋ-ಲ-ವಿಕೋಂತ್‌ನಲ್ಲಿ ಆಶಿಲ್ ದುಶೆನ್ ಅವರು 1923ರಲ್ಲಿ ಪುನರ್‌ರಚಿಸಿದ್ದ ಕಸೂತಿ ಪಾತಿಗಳ ಗಿಡಗಳನ್ನು 2019ರಲ್ಲಿ ತೆರವುಗೊಳಿಸಬೇಕಾಯಿತು.

ಪರಿಹಾರ ಕ್ರಮಗಳು:
1. ಮೋಹಕ ಬಲೆಗಳ ಮೂಲಕ ಪತಂಗಗಳ ಹಾವಳಿಯನ್ನು ಗಮನಿಸುವುದು.
2. ಮರಿಹುಳುಗಳು ಚಿಕ್ಕವಿರುವಾಗಲೇ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಜೈವಿಕ ಕೀಟನಾಶಕವನ್ನು ಸಿಂಪಡಿಸುವುದು.
3. ಬದಲಿಯಾಗಿ ಜಪಾನ್ ಮೂಲದ ಐಲೆಕ್ಸ್ ಕ್ರೆನಾಟಾ ಗಿಡವನ್ನು ನೆಡುವುದು. ಇದು ನೋಟಕ್ಕೆ ಬಾಕ್ಸ್‌ವುಡ್ ಅನ್ನು ಹೋಲುತ್ತದೆಯಾದರೂ ತುಸು ಆಮ್ಲೀಯ ಮಣ್ಣನ್ನು ಅಪೇಕ್ಷಿಸುತ್ತದೆ.

ಗಿಡವನ್ನು ಬದಲಿಸಿದಲ್ಲಿ ವಿನ್ಯಾಸವು ಉಳಿಯುತ್ತದೆ. ಆದರೆ ನಾಲ್ಕು ಶತಮಾನಗಳ ಮೂಲ ಸಸ್ಯವು ಇಲ್ಲವಾಗುತ್ತದೆ. ಪ್ರತಿಯೊಂದು ಉದ್ಯಾನವೂ ಇವೆರಡನ್ನು ತೂಗಿ ನೋಡಿ ನಿರ್ಧರಿಸಬೇಕಾಗಿದೆ.

ಸಾರ್ವಜನಿಕರ ಗಮನಕ್ಕೆ:
ಸಸಿಗಳೊಂದಿಗೆ ಕೀಟವೂ ಗಡಿ ದಾಟುತ್ತದೆ ಎಂಬುದಕ್ಕೆ ಮೇಲಿನ ಪ್ರಕರಣವೇ ನಿದರ್ಶನ. ವಿದೇಶದಿಂದ ಅಲಂಕಾರಿಕ ಸಸಿಗಳನ್ನು ತರಿಸಿಕೊಳ್ಳಲು ಇಚ್ಛಿಸುವವರು ಸಸ್ಯ ಕ್ವಾರಂಟೈನ್ (ಭಾರತಕ್ಕೆ ಆಮದು ನಿಯಂತ್ರಣ) ಆದೇಶ, 2003ರ ಅನ್ವಯ ಆಮದು ಪರವಾನಗಿಯನ್ನು ಮುಂಚಿತವಾಗಿ ಪಡೆದಿರತಕ್ಕದ್ದು ಹಾಗೂ ರಫ್ತು ಮಾಡುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಹೊಂದಿರತಕ್ಕದ್ದು.