ತಪ್ಪು ಹುಡುಕುವ ಸಾಫ್ಟ್‌ವೇರ್‌ನಲ್ಲೇ ತಪ್ಪಿದ್ದರೆ?

*ಬೆಂಗಳೂರಿನ ಎಂಜಿನಿಯರ್‌ಗಳು ಬರೆದ ‘ಕೆಪ್ರೋಬ್ಸ್’ ಇಂದು ಜಗತ್ತಿನ ಲಿನಕ್ಸ್ ಸರ್ವರ್‌ಗಳ ಒಳಗಿದೆ. ಅದನ್ನು ರಿಪೇರಿ ಮಾಡುವ, ಬೆಳೆಸುವ ಯೋಜನೆ ಹೇಗೆ ನಡೆಯಿತು ಎಂಬುದರಲ್ಲಿ ನಮ್ಮ ಸರ್ಕಾರಿ ‘ಸರ್ವರ್ ಡೌನ್’ ಕಾಟಕ್ಕೂ ಒಂದು ಪಾಠವಿದೆ.*

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಕೊಪ್ಪಳ, ಗಂಗಾವತಿ ಭಾಗದ ರೈತರಿಗೆ ಯಾರೂ ನೆನಪಿಸಬೇಕಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅದು ರಿಪೇರಿ. ಹಳೆಯ 33 ಗೇಟುಗಳನ್ನೂ ಬದಲಿಸುವುದು ಬೇರೆಯದೇ ಕೆಲಸ. ಅದಕ್ಕೆ ನೀರು ಇಳಿಯಬೇಕು, ಕಾಲುವೆ ಬಂದ್ ಆಗಬೇಕು, ಎರಡನೇ ಬೆಳೆ ಗತಿ ಏನು ಅಂತ ರೈತರು ಕೇಳಿದಾಗ ಉತ್ತರ ಕೊಡಬೇಕು. ಅದು ಸುಧಾರಣೆ.

ಇವೆರಡನ್ನೂ ಬೆರೆಸಿದರೆ ಅನಾಹುತ. ಸಾಫ್ಟ್‌ವೇರ್ ಲೋಕದಲ್ಲೂ ಇದೇ ಮಾತು. ಅದರಲ್ಲೂ ಬೇರೆ ಸಾಫ್ಟ್‌ವೇರ್‌ಗಳ ತಪ್ಪು ಹುಡುಕುವ ಉಪಕರಣ, ಅಂದರೆ ಡಿಬಗರ್, ತಾನೇ ಕೆಟ್ಟರೆ? ಅದನ್ನು ಯಾವಾಗ ತಿದ್ದಬೇಕು, ಯಾವಾಗ ಬೆಳೆಸಬೇಕು, ಯಾವುದನ್ನು ಕಿತ್ತು ಹಾಕಬೇಕು? ಇದಕ್ಕೆ ಕರ್ನಾಟಕದಿಂದಲೇ ಒಂದು ಒಳ್ಳೆಯ ಉದಾಹರಣೆ ಇದೆ.

ಓಡುವ ಬಸ್ಸಿನ ಎಂಜಿನ್ ನೋಡೋದು ಹೇಗೆ?

ಸಾಮಾನ್ಯ ಡಿಬಗರ್ ಕೆಲಸ ಸರಳ. ಪ್ರೋಗ್ರಾಂನ ಯಾವ ಸಾಲಿನಲ್ಲಿ ಅನುಮಾನವಿದೆಯೋ ಅಲ್ಲಿ ಒಂದು ಬ್ರೇಕ್‌ಪಾಯಿಂಟ್ ಇಡುತ್ತೀರಿ. ಪ್ರೋಗ್ರಾಂ ಅಲ್ಲಿಗೆ ಬಂದು ನಿಲ್ಲುತ್ತದೆ. ಒಳಗೆ ಯಾವ ಲೆಕ್ಕ ಎಷ್ಟಿದೆ ಅಂತ ನೋಡುತ್ತೀರಿ, ಮತ್ತೆ ಓಡಿಸುತ್ತೀರಿ.

ಆದರೆ ತಪ್ಪು ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲೇ, ಅಂದರೆ ಕರ್ನಲ್‌ನಲ್ಲೇ ಇದ್ದರೆ? ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲವೂ ಅದರ ಕೈಯಲ್ಲಿವೆ. ಅದನ್ನು ನಿಲ್ಲಿಸಿದರೆ ಇಡೀ ಯಂತ್ರವೇ ನಿಲ್ಲುತ್ತದೆ. ಸಾವಿರಾರು ಜನ ಬಳಸುತ್ತಿರುವ ಬ್ಯಾಂಕಿನ ಸರ್ವರನ್ನು ‘ಸ್ವಲ್ಪ ತಡೀರಿ, ನೋಡ್ತೀವಿ’ ಅಂತ ನಿಲ್ಲಿಸಲು ಆಗುವುದಿಲ್ಲ.

ಲಿನಕ್ಸ್ ಕರ್ನಲ್‌ಗೆ ಇದಕ್ಕೆ ಸಿಕ್ಕ ಪರಿಹಾರ ಕೆಪ್ರೋಬ್ಸ್. ಕರ್ನಲ್ ಓಡುತ್ತಿರುವಾಗಲೇ ಅದರ ಒಂದು ಸೂಚನೆಯ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಸೂಚನೆ ಇಡುತ್ತದೆ, ಮೂಲ ಸೂಚನೆಯ ನಕಲನ್ನು ಬೇರೆ ಕಡೆ ಕಾಪಿಡುತ್ತದೆ. ಪ್ರೊಸೆಸರ್ ಆ ಜಾಗಕ್ಕೆ ಬಂದಾಗ ನಾವು ಬರೆದ ಪುಟ್ಟ ಕೋಡ್ ಓಡಿ ಮಾಹಿತಿ ಬರೆದುಕೊಳ್ಳುತ್ತದೆ, ಆಮೇಲೆ ನಕಲಿನ ಸೂಚನೆ ಓಡುತ್ತದೆ, ಕರ್ನಲ್ ತನ್ನ ದಾರಿ ಹಿಡಿಯುತ್ತದೆ. ಮೂಲ ಜಾಗದಲ್ಲೇ ಸೂಚನೆಯನ್ನು ವಾಪಸ್ ಇಟ್ಟು ಓಡಿಸಬಹುದಿತ್ತಲ್ಲ? ಆಗ ಅದೇ ಕ್ಷಣದಲ್ಲಿ ಇನ್ನೊಂದು ಪ್ರೊಸೆಸರ್ ಅಲ್ಲಿ ಹಾದುಹೋದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೇ ನಕಲು.

ಈ ಕೋಡ್ ಫೈಲಿನ ತಲೆಬರಹದಲ್ಲಿ ಇಂದಿಗೂ ಮೂವರು ಭಾರತೀಯ ಎಂಜಿನಿಯರ್‌ಗಳ ಹೆಸರಿದೆ. 2002ರ ಅಕ್ಟೋಬರ್‌ನಲ್ಲಿ ಮೊದಲ ರೂಪ ಬರೆದ ವಂಶಿಕೃಷ್ಣ, 2004ರಲ್ಲಿ ಅದನ್ನು ಹದಗೊಳಿಸಿದ ಪ್ರಸನ್ನ ಪಂಚಮುಖಿ, ಹೊಸ ಸೌಲಭ್ಯ ಸೇರಿಸಿದ ಸುಪರ್ಣಾ ಭಟ್ಟಾಚಾರ್ಯ. ಬೆಂಗಳೂರಿನಲ್ಲಿದ್ದ ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಈ ಕೆಲಸದ ನೆಲೆ. 2004ರಲ್ಲಿ ಲಿನಕ್ಸ್ 2.6.9 ಆವೃತ್ತಿಯೊಂದಿಗೆ ಕೆಪ್ರೋಬ್ಸ್ ಅಧಿಕೃತವಾಗಿ ಒಳಸೇರಿತು.

ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಂದರು

ಇಲ್ಲಿ ಗಮನಿಸಬೇಕಾದ ಮೊದಲ ನಿರ್ಧಾರ ಏನನ್ನು ಬಿಟ್ಟರು ಅನ್ನೋದು. ಐಬಿಎಂ ಬಳಿ ಇದಕ್ಕೂ ಮೊದಲು ಡಿಪ್ರೋಬ್ಸ್ ಎಂಬ ದೊಡ್ಡ ಉಪಕರಣವಿತ್ತು. ಅದು ಇಡಿಯಾಗಿ ಲಿನಕ್ಸ್‌ನೊಳಗೆ ಬರಲೇ ಇಲ್ಲ. ಅದರಲ್ಲಿದ್ದ ಅತಿ ಅಗತ್ಯದ, ಅತಿ ಚಿಕ್ಕ ಭಾಗವನ್ನಷ್ಟೇ ಬಿಡಿಸಿ ತಂದದ್ದು ಕೆಪ್ರೋಬ್ಸ್. ಮುಕ್ತ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಕೋಡನ್ನು ಹತ್ತು ಮಂದಿ ಅಪರಿಚಿತರು ಸಾಲು ಸಾಲು ಓದುತ್ತಾರೆ, ಪ್ರಶ್ನೆ ಕೇಳುತ್ತಾರೆ. ಮುಂದೆ ಇದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪ್ರಶ್ನೆಗೆ ಉತ್ತರ ಇರಲೇಬೇಕು. ಚಿಕ್ಕದಾಗಿದ್ದರೆ ಓದುವುದು ಸುಲಭ, ತಿದ್ದುವುದೂ ಸುಲಭ.

ಬಾಕಿ ಕೆಲಸದ ಪಟ್ಟಿ, ಎಲ್ಲರ ಕಣ್ಣೆದುರಿಗೆ

ಕೆಪ್ರೋಬ್ಸ್ ಜೊತೆಗೆ ಬಂದ ಕೈಪಿಡಿಯಲ್ಲಿ ‘ಇನ್ನೂ ಆಗಬೇಕಾದ್ದು’ ಅಂತ ಒಂದು ಸಣ್ಣ ಪಟ್ಟಿ ಇತ್ತು. ಬೇರೆ ಬಗೆಯ ಪ್ರೊಸೆಸರ್‌ಗಳಲ್ಲೂ ಓಡಬೇಕು. ಕರ್ನಲ್ ಅಷ್ಟೇ ಅಲ್ಲ, ಬಳಕೆದಾರರ ಪ್ರೋಗ್ರಾಂಗಳ ಒಳಗೂ ಇಣುಕುವಂತಾಗಬೇಕು. ಮೆಮೊರಿಯ ಒಂದು ಜಾಗವನ್ನು ಯಾರಾದರೂ ಮುಟ್ಟಿದಾಗ ಎಚ್ಚರಿಸುವ ಕಾವಲು ಬೇಕು. ಇಷ್ಟೇ. ನಾಲ್ಕೈದು ಸಾಲು.

ಆ ಸಾಲುಗಳ ಗತಿ ಏನಾಯ್ತು ನೋಡಿ. ಮೆಮೊರಿ ಕಾವಲಿನ ಸೌಲಭ್ಯ ಬೇರೆ ರೂಪದಲ್ಲಿ 2010ರಲ್ಲಿ ಲಿನಕ್ಸ್ 2.6.33ಕ್ಕೆ ಬಂತು. ಬಳಕೆದಾರರ ಪ್ರೋಗ್ರಾಂಗಳಿಗೆ ಬೇಕಿದ್ದ ‘ಯುಪ್ರೋಬ್ಸ್’ 2012ರಲ್ಲಿ 3.5ರಲ್ಲಿ ಸೇರಿತು. ಅದರ ಮುಖ್ಯ ಲೇಖಕರಲ್ಲಿ ಒಬ್ಬರಾದ ಶ್ರೀಕರ್ ದ್ರೋಣಂರಾಜು ಅವರೂ ಐಬಿಎಂ ಇಂಡಿಯಾದವರೇ. ಪಟ್ಟಿಗೆ ಬರೆದದ್ದು ಜಾರಿಗೆ ಬರಲು ಇಷ್ಟು ವರ್ಷ ಬೇಕಾಯಿತು. ಆದರೂ ಪಟ್ಟಿ ಮಾಯವಾಗಲಿಲ್ಲ, ಯಾರೂ ಹರಿದು ಹಾಕಲಿಲ್ಲ. ಮೊದಲು ಬರೆದವರೇ ಮುಗಿಸಬೇಕು ಅಂತಲೂ ಇರಲಿಲ್ಲ.

ಕರ್ನಲ್‌ನ ಪಂಚಾಂಗ

ಇನ್ನು ರಿಪೇರಿ ಮತ್ತು ಸುಧಾರಣೆಯನ್ನು ಬೇರ್ಪಡಿಸೋದು. ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಸುಮಾರು ಒಂಬತ್ತು–ಹತ್ತು ವಾರಕ್ಕೊಮ್ಮೆ ಬರುತ್ತದೆ. ಮೊದಲ ಎರಡು ವಾರ ಮಾತ್ರ ಹೊಸ ಸೌಲಭ್ಯಗಳಿಗೆ ಬಾಗಿಲು ತೆರೆದಿರುತ್ತದೆ. ಉಳಿದ ಏಳೆಂಟು ವಾರ ಬರೀ ರಿಪೇರಿ. ಎಷ್ಟೇ ಒಳ್ಳೆಯ ಐಡಿಯಾ ಇದ್ದರೂ ‘ಮುಂದಿನ ಸರ್ತಿ ಬನ್ನಿ’ ಅನ್ನುತ್ತಾರೆ. ಗಂಗಾವತಿ ಕಡೆ ಕಾಲುವೆ ದುರಸ್ತಿಯನ್ನು ನೀರು ನಿಂತಾಗಲೇ ಮುಗಿಸಿಕೊಳ್ಳುವಂತೆ ಇದು. ನಾಟಿ ಮಾಡಿದ ಮೇಲೆ ಕಾಲುವೆ ಅಗೆಯಲು ಯಾರು ಬಿಡುತ್ತಾರೆ?

ಈ ಶಿಸ್ತು ಡಿಬಗರ್ ವಿಷಯದಲ್ಲಿ ಇನ್ನೂ ಮುಖ್ಯ. ಯಾಕೆಂದರೆ ಡಿಬಗರ್ ಹೇಳಿದ್ದನ್ನು ನಂಬಿ ಉಳಿದವರು ತೀರ್ಮಾನ ಮಾಡುತ್ತಾರೆ. ತೂಕದ ಯಂತ್ರವೇ ಸುಳ್ಳು ಹೇಳಿದರೆ ಭತ್ತ ಮಾರುವವನಿಗೂ ಮೋಸ, ಕೊಳ್ಳುವವನಿಗೂ ಮೋಸ. ಅದಕ್ಕೇ 2008ರಲ್ಲಿ ಕೆಪ್ರೋಬ್ಸ್‌ಗೇ ಒಂದು ಪರೀಕ್ಷೆ ಬರೆದು ಕರ್ನಲ್‌ನೊಳಗೆ ಸೇರಿಸಿದರು. ಯಾವುದೇ ಬದಲಾವಣೆ ಆದ ಮೇಲೆ ಅದನ್ನು ಓಡಿಸಿ, ಬ್ರೇಕ್‌ಪಾಯಿಂಟ್ ಸರಿಯಾಗಿ ಬೀಳುತ್ತಿದೆಯೇ ಅಂತ ನೋಡಬಹುದು.

ಇನ್ನೊಂದು ತೊಡಕಿತ್ತು. ಕೆಪ್ರೋಬ್ಸ್‌ನ ಸ್ವಂತ ಕೋಡಿನ ಮೇಲೇ ಯಾರಾದರೂ ಬ್ರೇಕ್‌ಪಾಯಿಂಟ್ ಇಟ್ಟರೆ? ಬ್ರೇಕ್‌ಪಾಯಿಂಟ್ ನಿಭಾಯಿಸಲು ಹೋಗಿ ಮತ್ತೆ ಬ್ರೇಕ್‌ಪಾಯಿಂಟ್‌ಗೆ ಸಿಕ್ಕಿ, ಅದನ್ನು ನಿಭಾಯಿಸಲು ಹೋಗಿ ಮತ್ತೆ ಸಿಕ್ಕಿ, ಯಂತ್ರವೇ ಕುಸಿಯುತ್ತದೆ. ಹಾಗಾಗಿ ಯಾವ ಯಾವ ಫಂಕ್ಷನ್‌ಗಳನ್ನು ಮುಟ್ಟಬಾರದು ಅಂತ ಒಂದು ನಿಷೇಧಿತ ಪಟ್ಟಿಯನ್ನೇ ಇಟ್ಟಿದ್ದಾರೆ. ತನ್ನ ಮಿತಿ ಎಲ್ಲಿ ಅಂತ ಉಪಕರಣವೇ ಬಾಯಿಬಿಟ್ಟು ಹೇಳಬೇಕು, ಅದೂ ಯೋಜನೆಯ ಭಾಗ.

ವೇಗ ಬಂತು, ಹಳೆಯದು ಹೋಯಿತು

ಸುಧಾರಣೆ ಅಂದರೆ ಬರೀ ಸೇರಿಸೋದಲ್ಲ. 2010ರಲ್ಲಿ, ಆಗ ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಮಸಾಮಿ ಹಿರಾಮತ್ಸು ಅವರು ಬ್ರೇಕ್‌ಪಾಯಿಂಟ್ ಬದಲಿಗೆ, ಆಗುವ ಕಡೆಯಲ್ಲಿ, ನೇರ ಜಿಗಿತದ ಸೂಚನೆ ಇಡುವ ವಿಧಾನ ತಂದರು. ಕೈಪಿಡಿಯಲ್ಲಿ ಕೊಟ್ಟ ಅಳತೆಯಂತೆ, 64 ಬಿಟ್‌ನ ಒಂದು ಇಂಟೆಲ್ ಯಂತ್ರದಲ್ಲಿ ಪ್ರತಿ ಸಲದ ಖರ್ಚು 0.99 ಮೈಕ್ರೋಸೆಕೆಂಡಿನಿಂದ 0.06ಕ್ಕೆ ಇಳಿಯಿತು. ಇಳಿತ ಚಿಲ್ಲರೆ ಅನ್ನಿಸಬಹುದು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಓಡುವ ಫಂಕ್ಷನ್ ಮೇಲೆ ಇಟ್ಟು ನೋಡಿ, ಆಗ ಗೊತ್ತಾಗುತ್ತದೆ.

ಮತ್ತೊಂದು ಕಡೆ, 2004ರಲ್ಲಿ ಸೇರಿಸಿದ್ದ ‘ಜೆಪ್ರೋಬ್ಸ್’ ಎಂಬ ಸೌಲಭ್ಯಕ್ಕೆ ಕಾಲ ಮುಗಿದಿತ್ತು. ಅದು ಮಾಡುತ್ತಿದ್ದ ಕೆಲಸಕ್ಕೆ ಇನ್ನೂ ಸುರಕ್ಷಿತ ದಾರಿಗಳು ಬಂದಿದ್ದವು. ಹಾಗಂತ ರಾತ್ರೋರಾತ್ರಿ ಕಿತ್ತು ಹಾಕಲಿಲ್ಲ. 2017ರಲ್ಲಿ ‘ಇದನ್ನು ಬಳಸಬೇಡಿ, ಬೇರೆ ದಾರಿ ಹಿಡಿಯಿರಿ’ ಎಂಬ ಸೂಚನೆ ಕೊಟ್ಟು, ಕರ್ನಲ್‌ನೊಳಗೇ ಬಳಸುತ್ತಿದ್ದ ಜಾಗಗಳನ್ನು ಬದಲಿಸಿ, 2018ರಲ್ಲಿ ತೆಗೆದರು. ಬರೆದವರ ಹೆಸರು ಮಾತ್ರ ತಲೆಬರಹದಲ್ಲಿ ಹಾಗೇ ಉಳಿದಿದೆ.

2015ರಲ್ಲಿ ಇಬಿಪಿಎಫ್ ಎಂಬ ತಂತ್ರಜ್ಞಾನವನ್ನು ಕೆಪ್ರೋಬ್ಸ್‌ಗೆ ಜೋಡಿಸಿದ ಮೇಲೆ ಇದರ ಬಳಕೆ ಇನ್ನಷ್ಟು ಹಬ್ಬಿತು. ದೊಡ್ಡ ಕಂಪನಿಗಳ ಸರ್ವರ್ ಯಾಕೆ ನಿಧಾನವಾಯಿತು ಅಂತ ಹುಡುಕುವ ಎಷ್ಟೋ ಉಪಕರಣಗಳ ಅಡಿಪಾಯದಲ್ಲಿ ಇಂದು ಇದೇ ಇದೆ.

ಹಾಗಾದರೆ ನಮಗೇನು?

ಕುಷ್ಟಗಿಯಿಂದ ಯಲಬುರ್ಗಾವರೆಗೆ ಯಾವುದಾದರೂ ಸರ್ಕಾರಿ ಸೇವೆಗೆ ಸಾಲಿನಲ್ಲಿ ನಿಂತವರು ಒಮ್ಮೆಯಾದರೂ ಕೇಳಿರುವ ಮಾತು: ‘ಸರ್ವರ್ ಇಲ್ರೀ, ನಾಳೆ ಬರ್ರಿ.’ ಕೂಲಿ ಬಿಟ್ಟು ಬಂದವರ ಒಂದು ದಿನ ಹೋಯಿತು. ಪಹಣಿ, ಜಾತಿ ಪ್ರಮಾಣಪತ್ರ, ಪಡಿತರ, ಪಿಂಚಣಿ ಎಲ್ಲವೂ ಸಾಫ್ಟ್‌ವೇರ್ ಮೇಲೆ ನಿಂತಿವೆ. ಅದು ಯಾಕೆ ಕೆಟ್ಟಿತು? ಯಾವ ತಪ್ಪು ಯಾರ ಗಮನಕ್ಕೆ ಬಂದಿದೆ? ಯಾವುದನ್ನು ಈ ತಿಂಗಳು ತಿದ್ದುತ್ತಾರೆ, ಯಾವುದನ್ನು ಮುಂದಕ್ಕೆ ಹಾಕಿದ್ದಾರೆ? ಸಾಲಿನಲ್ಲಿ ನಿಂತವರಿಗೆ ಗೊತ್ತಿಲ್ಲ, ಕೌಂಟರ್‌ನಲ್ಲಿ ಕೂತ ಆಪರೇಟರ್‌ಗೂ ಗೊತ್ತಿಲ್ಲ. ಬೈಗುಳ ಮಾತ್ರ ಅವರಿಗೆ.

ಕರ್ನಲ್‌ನಷ್ಟು ಸಂಕೀರ್ಣವಾದ ಸಾಫ್ಟ್‌ವೇರ್ ತನ್ನ ಹುಳುಕಿನ ಪಟ್ಟಿಯನ್ನು ಇಡೀ ಜಗತ್ತಿನ ಮುಂದೆ ಇಟ್ಟು ಬದುಕಬಲ್ಲದಾದರೆ, ತೆರಿಗೆ ಹಣದಲ್ಲಿ ಕಟ್ಟಿದ ಸೇವಾ ಪೋರ್ಟಲ್‌ಗಳು ಯಾಕೆ ಇಡಬಾರದು? ಭದ್ರತೆಗೆ ಧಕ್ಕೆ ತರುವ ದೋಷಗಳನ್ನು ತಿದ್ದುವವರೆಗೆ ಗುಟ್ಟಾಗಿಡುವ ಪದ್ಧತಿ ಲಿನಕ್ಸ್‌ನಲ್ಲೂ ಇದೆ, ಅದು ಸರಿಯೇ. ಉಳಿದದ್ದಕ್ಕೆ ನೆಪ ಬೇಕಿಲ್ಲ. ಗೊತ್ತಿರುವ ತೊಂದರೆಗಳ ಪಟ್ಟಿ, ತಿದ್ದುವ ದಿನಾಂಕ, ಹಳೆಯ ಸೌಲಭ್ಯ ನಿಲ್ಲಿಸುವ ಮೊದಲು ಮುನ್ಸೂಚನೆ. ಈ ಮೂರನ್ನು ಕನ್ನಡದಲ್ಲಿ ಪ್ರಕಟಿಸಲು ಹೊಸ ತಂತ್ರಜ್ಞಾನ ಏನೂ ಬೇಡ.

ಇನ್ನು ನಮ್ಮ ಜಿಲ್ಲೆಯ ಹುಡುಗ ಹುಡುಗಿಯರ ಮಾತು. ತಳಕಲ್‌ನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವರಿಗೂ, ಪಟ್ಟಣದ ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಕೆಪ್ರೋಬ್ಸ್ ಕೋಡ್ ಬೆಂಗಳೂರಿನವರಿಗೆ ಸಿಗುವಷ್ಟೇ ಸುಲಭವಾಗಿ, ಪುಕ್ಕಟೆಯಾಗಿ ಸಿಗುತ್ತದೆ. ಮೊದಲ ದಿನವೇ ದೊಡ್ಡ ಸೌಲಭ್ಯ ಬರೆಯಬೇಕಿಲ್ಲ. ಒಂದು ತಪ್ಪನ್ನು ಮತ್ತೆ ಮತ್ತೆ ಮರುಕಳಿಸುವಂತೆ ಮಾಡಿ, ಯಾವ ಆವೃತ್ತಿಯಲ್ಲಿ ಹೇಗೆ ಬಂತು ಅಂತ ನಿಖರವಾಗಿ ಬರೆದು ಕಳಿಸಿದರೂ ಅದು ಕೊಡುಗೆಯೇ. ಕೈಪಿಡಿಯ ಒಂದು ತಪ್ಪು ಸಾಲು ತಿದ್ದಿದರೂ ಕೊಡುಗೆಯೇ. ಕೋಡ್ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ತಪ್ಪನ್ನು ತಾಳ್ಮೆಯಿಂದ ಹಿಡಿದು, ಅದನ್ನು ಪಟ್ಟಿಗೆ ಸೇರಿಸಿ, ವರ್ಷಗಟ್ಟಲೆ ಬೆನ್ನು ಬೀಳುವವರು ಕಡಿಮೆ. ಕೆಪ್ರೋಬ್ಸ್ ಇಪ್ಪತ್ತು ವರ್ಷ ದಾಟಿ ಉಳಿದಿರುವುದು ಅಂಥವರಿಂದ.